ಒರೆಸಬಾರದ ಕುಂಕುಮ

ಡೊಂಬಿವಲಿಯ ನಮ್ಮ ಎದುರುಮನೆಯ ಅಜ್ಜಿ ಧಾರವಾಡ ಕಡೆಯವರು. ಹೊಸ ವಾಷಿಂಗ್ ಮಷೀನಿನ ಡಿಸ್‌ಪ್ಲೇ ಅವರ ಕಣ್ಣಿಗೆ ಬರೀ ಬೆಳಕಿನ ಮಚ್ಚೆಯಾಗಿ ಕಾಣುತ್ತಿತ್ತು. ಒಮ್ಮೆ ತಪ್ಪು ಗುಂಡಿ ಒತ್ತಿದ್ದರಿಂದ ಸೊಸೆಯ ಕುರ್ತಾ ಬಿಸಿನೀರಿನಲ್ಲಿ ತಿರುಗಿ ಕುಗ್ಗಿಹೋಯಿತು.

"ಅತ್ತಿ, ಇನ್ನ ಮಷೀನ್ ಮುಟ್ಟಬ್ಯಾಡ್ರಿ. ಬಟ್ಟಿ ಒಗ್ಯಾಕ ಒಬ್ಬಾಕಿ ಕೆಲಸದ ಬಾಯೀನ ಇಡೂಣು," ಎಂದಳು ಸೊಸೆ.

ತಮ್ಮ ಸೀರೆಯನ್ನು ಕೆಲಸದವರು ಒಗೆಯುವುದನ್ನು ಅಜ್ಜಿ ಒಪ್ಪುವವರಲ್ಲ. "ಆ ಮಷೀನು ತನ್ನ ಲೆಕ್ಕಾ ತೋರಸ್ಲಿ, ನಾ ನನ್ನ ಲೆಕ್ಕಾ ಮಾಡತೀನಿ," ಎಂದರು. ಅವತ್ತಿನಿಂದ ಈ ಮಾತನ್ನು ಎಷ್ಟು ಸಲ ಕೇಳಿದೆನೋ!

ನನ್ನ ಡೈರಿಯ ಪ್ರಕಾರ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂದದ್ದು ಅದೇ ವಾರ. ಅಜ್ಜಿ ಈಳಿಗೆಗೆ, ಮಿಕ್ಸರಿಗೆ ಒಂದೊಂದು ಬೊಟ್ಟು ಇಟ್ಟರು. ವಾಷಿಂಗ್ ಮಷೀನಿಗೆ ಮಾತ್ರ ಮೂರು ಇಟ್ಟರು, ತಮಗೆ ಬೇಕಾದ ಗುಂಡಿಗಳ ಪಕ್ಕದಲ್ಲೇ. ಯಾವುವೆಂದು ನನ್ನನ್ನು ಮೊದಲೇ ಕೇಳಿಕೊಂಡಿದ್ದರು. ಮರುದಿನ ಸೊಸೆ ಮಷೀನು ಒರೆಸಲು ಒದ್ದೆ ಬಟ್ಟೆ ಹಿಡಿದು ಬಂದಾಗ, "ದೇವರ ಕುಂಕುಮ ಅದು, ಒರಸಬಾರದು," ಎಂದರು. ಮಾಸಿದಾಗಲೆಲ್ಲ ಶುಕ್ರವಾರ ಮತ್ತೆ ಹಚ್ಚುತ್ತಿದ್ದರು. ಕೆಲಸದ ಬಾಯಿಯನ್ನು ಇಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಈ ವರ್ಷದ ಪೂಜೆಗೆ ಹೋದಾಗ ಕುಂಕುಮದ ಬಟ್ಟಲು ಸೊಸೆಯ ಕೈಯಲ್ಲಿತ್ತು. ಅವಳು ಮಷೀನಿನ ಮುಂದೆ ಬಗ್ಗಿ ಕೇಳಿದಳು: "ಅತ್ತಿ, ಮೂರೇ ಸಾಕೇನ್ರಿ? ಬೆಡ್‌ಶೀಟಿನ ಗುಂಡಿಗೂ ಒಂದು ಹಚ್ಚಲ್ಯಾ?"