ಸ್ಟೆಲ್ಲಾ ಮಿಸ್ ಗೋಡೆಯ ಹನ್ನೆರಡು ಹೆಂಗಸರು

ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯೊಂದಿದೆ. ಹೊರಗೆ ಮೀನು, ಮಲ್ಲಿಗೆ, ಕೊತ್ತಂಬರಿ ಎಲ್ಲ ಕಲಸಿಹೋದ ವಾಸನೆ. ಒಳಗೆ ಕಾಲಿಟ್ಟರೆ ಆಗಷ್ಟೇ ಕೊಯ್ದ ಮರದ ಹೊಟ್ಟು, ಅಂಟು ಮತ್ತು ವಾರ್ನಿಷ್. ಹೋದ ತಿಂಗಳು ಅವ್ವನ ಫೋಟೋ ಹಿಡಿದುಕೊಂಡು ಅಲ್ಲಿ ನಿಂತಾಗ ಆ ವಾಸನೆ ನನ್ನನ್ನು ಎಂಟು ವರ್ಷದ ಹುಡುಗಿಯನ್ನಾಗಿ ಮಾಡಿಬಿಟ್ಟಿತು. ಅಂಗಡಿಯವರು ಅಳತೆಪಟ್ಟಿ ಹಿಡಿದು, “ಮೇಲೆ ಹಾರಕ್ಕೆ ಮೊಳೆ ಕೂರಿಸ್ಲಾ ಮೇಡಂ? ಕೆಳಗೆ ಹೆಸ್ರು, ತೀರ್ಕೊಂಡ ತಾರೀಕು ಬರೆಸ್ತೀರಾ?” ಎಂದರು. ದಿನಕ್ಕೆ ಹತ್ತು ಜನರನ್ನು ಕೇಳುವ ಪ್ರಶ್ನೆ ಅದು. ನಾನು ಮಾತ್ರ ಐದು ನಿಮಿಷ ಕೊಡಿ ಭಾಯ್ ಎಂದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ.

ತೊಂಬತ್ತರ ದಶಕದಲ್ಲಿ ನಾವು ಕಾಕ್ಸ್ ಟೌನಿನ ಒಂದು ಹಳೆಯ ಹೆಂಚಿನ ಮನೆಯ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಅವ್ವ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು. ಆಮೇಲೆ ಅವ್ವ ಸಿಮೆಂಟು ಹೊರುವುದನ್ನು ಬಿಟ್ಟು ಶಿವಾಜಿನಗರದ ಕಡೆ ಮೂರು ಮನೆಗಳಲ್ಲಿ ರೊಟ್ಟಿ ಸುಡುವ ಕೆಲಸ ಹಿಡಿದಿದ್ದಳು. ಮುಂದಿನ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದವರು ಸ್ಟೆಲ್ಲಾ ಮಿಸ್, ನಮ್ಮ ಮಾಲೀಕರು. ಇತಿಹಾಸ ಪಾಠ ಹೇಳಿ ನಿವೃತ್ತರಾದವರು, ಮದುವೆಯಾಗಲಿಲ್ಲ, ಮನೆಮಾತು ತಮಿಳು. ನನಗಿಂತಲೂ ಕಪ್ಪಗಿದ್ದರು. ನನ್ನನ್ನು ಶಾಲೆಯಲ್ಲಿ ‘ಇದ್ದಿಲು’ ಎಂದು ಕರೆಯುತ್ತಿದ್ದುದರಿಂದ, ಅಷ್ಟು ಕಪ್ಪಗಿದ್ದೂ ಅಷ್ಟು ಇಸ್ತ್ರಿ ಮಾಡಿದ ಸೀರೆ ಉಟ್ಟು ಅಷ್ಟು ನೆಟ್ಟಗೆ ನಡೆಯುವ ಒಬ್ಬರು ಇದ್ದಾರೆ ಎಂಬುದೇ ನನಗೊಂದು ಧೈರ್ಯವಾಗಿತ್ತು.

ಅವರ ಹಜಾರದಲ್ಲಿ ಏಸುವಿನ ಪಟದ ಎದುರು ಗೋಡೆಗೆ ಹನ್ನೆರಡು ಹೆಂಗಸರು. ಎಲ್ಲರೂ ಕಪ್ಪು, ಎಲ್ಲ ಎದೆಮಟ್ಟದ ಚಿತ್ರಗಳು, ಒಂದೇ ಕಂದು ಬಣ್ಣ, ಒಂದೇ ಅಳತೆಯ ಕಟ್ಟು. ರದ್ದಿ ಅಂಗಡಿಯಲ್ಲಿ ಸಿಕ್ಕ ಅಮೆರಿಕದ ಹಳೆಯ ಕ್ಯಾಲೆಂಡರೊಂದನ್ನು ಮಿಸ್ ಹಾಳೆ ಹಾಳೆಯಾಗಿ ಬಿಡಿಸಿ ಕಟ್ಟು ಹಾಕಿಸಿದ್ದರು. ಪ್ರತಿ ಚಿತ್ರದ ಕೆಳಗೆ ಹೆಸರೂ ನಾಲ್ಕು ಸಾಲು ಪರಿಚಯವೂ ಇದ್ದವಂತೆ. ತರಲು ಹೋದಾಗ ಅಂಗಡಿಯ ಅಂದಿನ ಯಜಮಾನರು, “ಸೈಜ್ ಬರಾಬರ್ ಬರ್ಲಿಲ್ಲ ಮಿಸ್, ಕೆಳಗೆ ಥೋಡಾ ಕಟ್ ಮಾಡಿದ್ದೀನಿ. ಬರೀ ಅಕ್ಷರ ಇತ್ತು, ಫೋಟೋಗೆ ಏನೂ ಆಗಿಲ್ಲ” ಎಂದರಂತೆ. ಮಿಸ್ ಇದನ್ನು ಹೇಳಿ ನಗುತ್ತಿದ್ದರು. ಆದರೆ ನಕ್ಕ ಮೇಲೆ ಎದ್ದು ಹೋಗಿ ಕಟ್ಟಿನ ಕೆಳಗಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದರು.

ಸಂಜೆ ಅಲ್ಲಿ ನೆಲದ ಮೇಲೆ ಕೂತು ಹೋಂವರ್ಕ್ ಮಾಡುವಾಗ ನನಗೆ ಮಿಸ್ ಬಾಯಿಂದ ಆ ಹೆಂಗಸರ ಕಥೆಗಳು ಸಿಗುತ್ತಿದ್ದವು. ಗುಲಾಮಳಾಗಿ ಹುಟ್ಟಿ ಓಡಿಹೋದವಳು, ಮತ್ತೆ ಮತ್ತೆ ಹಿಂದಿರುಗಿ ಬಂದು ಕಾಡಿನ ಕತ್ತಲಲ್ಲಿ ತನ್ನವರನ್ನು ಬಿಡಿಸಿಕೊಂಡು ಹೋದಳು. ತನ್ನ ದೇಶದಲ್ಲಿ ಯಾರೂ ಕಲಿಸದಿದ್ದಾಗ ಫ್ರಾನ್ಸಿಗೆ ಹೋಗಿ ವಿಮಾನ ಹಾರಿಸಲು ಕಲಿತಳು ಒಬ್ಬಳು. ರಾಕೆಟ್ಟು ಹೋಗುವ ದಾರಿಯನ್ನು ಕಾಗದದ ಮೇಲೆ ಲೆಕ್ಕ ಹಾಕಿದಳು ಇನ್ನೊಬ್ಬಳು. ಸೊಟ್ಟ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಬೆಳೆದವಳು ಓಟದಲ್ಲಿ ಚಿನ್ನದ ಪದಕ ಗೆದ್ದಳು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡು ಎಂದರೆ ಏಳದೆ ಕೂತವಳು, ಅದಕ್ಕೆ ಪೊಲೀಸರ ಕೈಗೆ ಸಿಕ್ಕಳು. ಕಥೆಗಳಲ್ಲಿ ಒಂದಕ್ಷರ ತಪ್ಪುತ್ತಿರಲಿಲ್ಲ, ಮುಖಗಳೇ ತಪ್ಪುತ್ತಿದ್ದವು. ಸೋಮವಾರ ವಿಮಾನ ಹಾರಿಸಿದವಳು ಗುರುವಾರ ಬಸ್ಸಿನಲ್ಲಿ ಕೂತಿರುತ್ತಿದ್ದಳು. ಅಲ್ಲ ಮಿಸ್, ಅವಳು ಓಡಿದವಳು ಎಂದು ನಾನು ಜಗಳ ಕಾಯುತ್ತಿದ್ದೆ. “ಹೌದಾ ಕಣ್ಣು? ಇರ್ಬೋದು. ನನ್ನ ಕಣ್ಣಿಗೆ ಪೊರೆ ಬೇರೆ” ಎನ್ನುತ್ತಿದ್ದರು. ಕಣ್ಣು ಎನ್ನುವುದು ಅವರ ತಮಿಳಿನ ಮುದ್ದು ಮಾತು.

ಆ ಪೊರೆಯ ಆಪರೇಷನ್ನಿಗೆಂದೇ ಅವರು ಒಂದು ವಾರ ಅಣ್ಣನ ಮಗನ ಮನೆಗೆ ಹೋದದ್ದು. ಬೀಗದ ಕೈ ಅವ್ವನ ಹತ್ತಿರ. ಆ ವಾರದಲ್ಲೇ ಮಹಾಲಯ ಅಮಾವಾಸ್ಯೆ ಬಂತು. ಅವ್ವನಿಗೆ ಕ್ಯಾಲೆಂಡರು, ಅಮೆರಿಕ ಯಾವುದೂ ಗೊತ್ತಿರಲಿಲ್ಲ. ಕಟ್ಟು ಹಾಕಿ ಗೋಡೆಗೆ ಏರಿಸಿದ ಫೋಟೋ ಎಂದರೆ ತೀರಿಕೊಂಡವರದ್ದು. ಬಣ್ಣವೂ ಮಿಸ್ ಬಣ್ಣವೇ. “ಮನ್ಯಾಗ ಇಷ್ಟು ಮಂದಿ ಹಿರ್ಯಾರು ಗ್ವಾಡಿ ಮ್ಯಾಲ ಕುಂತಾರ, ಒಬ್ರಿಗೂ ಒಂದು ಹೂವಿಲ್ಲ. ಟೀಚರಮ್ಮಗ ಯಾರದಾರ ಹೇಳು ಮಾಡಾಕ” ಎಂದು ಬೆಳಿಗ್ಗೆಯೇ ಮಾರುಕಟ್ಟೆಗೆ ಹೋಗಿ ಹನ್ನೆರಡು ಸೇವಂತಿಗೆ ಹಾರ ತಂದಳು. ನನಗೆ ಎಲ್ಲ ಗೊತ್ತಿತ್ತು. ಆದರೂ ನಾನು ಹೇಳಲಿಲ್ಲ. ಹೋಳಿಗೆ ಸಿಗುತ್ತದೆಂಬ ಆಸೆಯೋ, ಇವರೆಲ್ಲ ನಿಜಕ್ಕೂ ಈ ಮನೆಯವರೇ ಇರಬಹುದೆಂಬ ಅನುಮಾನವೋ, ಇವತ್ತಿಗೂ ತಿಳಿಯದು. ಹನ್ನೆರಡು ಹಣೆಗೆ ವಿಭೂತಿ, ಹನ್ನೆರಡು ಹಾರ, ಕೆಳಗೆ ಬಾಳೆ ಎಲೆಯ ಮೇಲೆ ಎಡೆ.

ಮಿಸ್ ಬಂದದ್ದು ಮರುದಿನ, ಒಂದು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು. ಬಾಗಿಲಲ್ಲೇ ನಿಂತರು. ಬೈಯುತ್ತಾರೆ ಎಂದುಕೊಂಡೆ. ಅವರ ಮುಖದ ಮೇಲೆ ನಗು ಬಂತು, ಹೋಯಿತು, ಮತ್ತೆ ಬಂತು.

“ಅಯ್ಯೋ ಶರಣಮ್ಮಾ, ಏನ್ ಮಾಡ್ಬಿಟ್ಟೆ! ಇದ್ರಲ್ಲಿ ಕೆಲವ್ರು ಇನ್ನೂ ಬದುಕಿದ್ದಾರಮ್ಮಾ. ರಾಕೆಟ್ ಲೆಕ್ಕ ಹಾಕಿದವ್ಳು ಇದ್ದಾಳೆ, ಬಸ್ಸಲ್ಲಿ ಕೂತವ್ಳು ಇದ್ದಾಳೆ!”

ಅವ್ವನ ಮುಖ ಬಿಳಿಚಿಕೊಂಡಿತು. ಬದುಕಿದ್ದವರ ಫೋಟೋಗೆ ಹಾರ ಹಾಕುವುದೆಂದರೆ ನಮ್ಮಲ್ಲಿ ಸಣ್ಣ ತಪ್ಪಲ್ಲ. “ಯಾರ್ಯಾರು ತೋರ್ಸ್ರಿ, ಅವ್ರದು ತಗೀತೀನಿ.”

“ಅದೇ ಗೊತ್ತಿಲ್ವಲ್ಲಾ. ಹೆಸ್ರೇ ಕಟ್ ಮಾಡ್ಬಿಟ್ಟಿದ್ದಾನೆ.”

ಮೂವರೂ ಗೋಡೆಯ ಮುಂದೆ ನಿಂತೆವು. ತೆಗೆದರೆ ಸತ್ತವರಿಗೆ ಅವಮಾನ, ಬಿಟ್ಟರೆ ಬದುಕಿದವರಿಗೆ ಕೇಡು. ಕೊನೆಗೆ ಅವ್ವ ಹನ್ನೆರಡೂ ಹಾರ ತೆಗೆದು ಹಿತ್ತಲ ಬೇವಿನ ಬುಡಕ್ಕೆ ಹಾಕಿ ಬಂದಳು. ವಿಭೂತಿ ಒರೆಸಿ ಕುಂಕುಮ ಇಟ್ಟಳು. ತನ್ನಿಂದ ಯಾರ ಆಯುಷ್ಯವೂ ಕಡಿಮೆಯಾಗದಿರಲಿ ಎಂದು ಐದು ಸೋಮವಾರ ಒಪ್ಪೊತ್ತು ಇದ್ದಳು. ಕಂಡಿಲ್ಲದ, ಹೆಸರು ಗೊತ್ತಿಲ್ಲದ ಅಮೆರಿಕದ ಹೆಂಗಸರಿಗಾಗಿ ರಾಯಚೂರಿನ ಶರಣಮ್ಮ ಹಸಿದುಕೊಂಡು ರೊಟ್ಟಿ ಸುಟ್ಟಳು. ಆಗ ನನಗೆ ನಾಚಿಕೆಯಾಗಿತ್ತು.

ಐದನೆಯ ಸೋಮವಾರದ ಹೊತ್ತಿಗೆ ಅವ್ವನಿಗೆ ಎಲ್ಲರ ಕಥೆಯೂ ಬಾಯಿಪಾಠವಾಗಿತ್ತು. ಬಸ್ಸಿನವಳ ಮೇಲೆ ಹೆಚ್ಚು ಪ್ರೀತಿ, ಏಕೆಂದರೆ ಅವ್ವನಿಗೂ ದಿನಾ ಶಿವಾಜಿನಗರದ ಬಸ್ಸಿನಲ್ಲಿ ನಿಂತು ನಿಂತು ಕಾಲು ಬಾತಿರುತ್ತಿತ್ತು. ಒಂದು ಸಂಜೆ ಅವ್ವ ಮಿಸ್ ಮನೆಯ ಬಾಗಿಲಿಗೆ ಬಂದು ಗೆದ್ದವಳ ಹಾಗೆ ಹೇಳಿದಳು: “ಇವತ್ತು ಹೆಣ್ಮಕ್ಳ ಸೀಟಿನ್ಯಾಗ ಒಬ್ಬಾಂವ ಕುಂತಿದ್ದ ನೋಡ್ರಿ. ಆಕಿ ಏಳ್ಲಿಲ್ಲ, ನಾ ಎಬ್ಬಿಸ್ದೆ.” ಮಿಸ್ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಬೇರೆಂದೂ ಕೇಳಿಲ್ಲ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ದಿನಕ್ಕೆ ಮಿಸ್ ತೀರಿಕೊಂಡರು. ಮನೆ ಬಿದ್ದು ಫ್ಲಾಟು ಎದ್ದಿತು. ಬೇಕಾದ್ದು ತಗೊಳ್ಳಿ ಎಂದ ಅವರ ಅಣ್ಣನ ಮಗನ ಹತ್ತಿರ ಅವ್ವ ಪಾತ್ರೆ ಕೇಳಲಿಲ್ಲ, ಮಂಚ ಕೇಳಲಿಲ್ಲ. ಹನ್ನೆರಡು ಪಟಗಳನ್ನೂ ಮಿಸ್‌ದೊಂದು ಫೋಟೋವನ್ನೂ ಕೇಳಿದಳು. ಕೆ.ಆರ್. ಪುರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಮಿಸ್ ಹದಿಮೂರನೆಯವರಾದರು. ಹಾರವಿಲ್ಲ. ಕೇಳಿದ್ದಕ್ಕೆ, “ಒಬ್ಬಾಕಿಗೆ ಹಾಕಿದ್ರ ಆಕಿ ಒಬ್ಬಾಕೀನ ಸತ್ತಂಗ ಆಗ್ತದ” ಎಂದಳು.

ಆಮೇಲೊಂದು ದಿನ ನಾನು ಸೈಬರ್ ಸೆಂಟರಿನಲ್ಲಿ ಕೂತು ಕಥೆಗಳ ಜಾಡು ಹಿಡಿದು ಒಂದೊಂದೇ ಮುಖ ಹುಡುಕಿದೆ. ಒಂದು ಗಂಟೆಯಲ್ಲಿ ಹನ್ನೆರಡು ಹೆಸರೂ ಸಿಕ್ಕವು. ಮಿಸ್ ಅಷ್ಟು ವರ್ಷ ಕಾಣದೇ ಹೋದದ್ದು ಒಂದು ಹಾಳೆಯ ಮೇಲೆ ಅಚ್ಚಾಗಿ ಬಂತು. ಬಸ್ಸಿನವಳು ಹಿಂದಿನ ವರ್ಷವಷ್ಟೇ ಹೋಗಿದ್ದಳು, ತೊಂಬತ್ತು ದಾಟಿ. ಹಾಳೆ ಹಿಡಿದು ಮನೆಗೆ ಬಂದವಳ ಮುಖವನ್ನು ಅವ್ವ ನೋಡಿದಳು.

“ಯಾರು ಹೋದ್ರಂತ ಹೇಳಬ್ಯಾಡ. ಹೆಸ್ರು ಮಾತ್ರ ಹೇಳು.”

ಹನ್ನೆರಡು ಹೆಸರು ಓದಿದೆ. ಅವ್ವ ಒಂದೊಂದು ಪಟದ ಮುಂದೆ ನಿಂತು, ನಾಲಿಗೆ ಹೊರಳಿದಷ್ಟು ಹೊರಳಿಸಿ, ಆ ಹೆಸರನ್ನು ಗಟ್ಟಿಯಾಗಿ ಕರೆದಳು. ಕೊನೆಗೆ, ನಾನು ಓದದಿದ್ದರೂ, ಸ್ಟೆಲ್ಲಾ ಟೀಚರಮ್ಮಾ ಎಂದಳು.

ಸ್ಟೂಲಿನಿಂದ ಎದ್ದೆ. “ಮೊಳೆ ಬೇಡ ಭಾಯ್. ತಾರೀಕೂ ಬೇಡ. ಹೆಸ್ರು ಬರೀರಿ, ಶರಣಮ್ಮ ಅಂತ, ದೊಡ್ಡದಾಗಿ.”

“ಈ ಸೈಜಿಗೆ ಬರಲ್ಲ ಮೇಡಂ, ಫೋಟೋ ಸ್ವಲ್ಪ ಮೇಲೆ ಹೋಗುತ್ತೆ.”

“ಹಾಗಾದ್ರೆ ಕಟ್ಟೇ ದೊಡ್ಡದು ಹಾಕಿ. ಹೆಸ್ರು ಮಾತ್ರ ಕಟ್ ಮಾಡ್ಬೇಡಿ.”

ಈಗ ನಮ್ಮ ಗೋಡೆಯ ಮೇಲೆ ಹದಿನಾಲ್ಕು ಜನ. ಬಂದವರು ಯಾರಿವರೆಲ್ಲ ಎಂದು ಕೇಳುತ್ತಾರೆ, ನಮ್ಮ ಮನೆಯವರು ಎನ್ನುತ್ತೇನೆ. ಇದ್ದಾರಾ ಎಂದು ಕೇಳಿದರೆ ಹದಿನಾಲ್ಕೂ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಕರೆಯುತ್ತೇನೆ.