ಒಂಬತ್ತನೇ ಕಂಪ್ಯೂಟರ್

ಈಗ ಸಂಜೆ ಏಳು. ಈ ಲಿನಕ್ಸ್ ಫೋರಮ್ಮಿನ ಗೆಳೆಯರೇ, ನಮ್ಮ ಕಮ್ಮನಹಳ್ಳಿ ಸೈಬರ್ ಸೆಂಟರಿನಲ್ಲಿ ಇಂದೂ ಇಂಟರ್‌ನೆಟ್ ತೆವಳುತ್ತಿತ್ತು. ಬಂದವರೆಲ್ಲ ಬೇಸತ್ತು ಎದುರಿನ ಅಂಗಡಿಗೆ ಹೋದರು. ಯಾರೋ ಕದ್ದು ಏನೋ ಇಳಿಸಿಕೊಳ್ಳುತ್ತಿದ್ದಾರೆಂದು ನನಗೆ ಗುಮಾನಿ. ಅದೂ ನಾಲ್ಕನೇ ಕಂಪ್ಯೂಟರಿನಲ್ಲಿ ದಿನವೂ ಕೂರುವ ಯಾದಗಿರಿಯ ಬಸವರಾಜನ ಮೇಲೆ.

ನೀವು ಇಲ್ಲಿ ಹೇಳಿಕೊಟ್ಟಂತೆ, ಎಲ್ಲ ವೈರುಗಳೂ ಬಂದು ಸೇರುವ ಲಿನಕ್ಸ್ ಯಂತ್ರದಲ್ಲಿ ನೆಟ್‌ನ ಓಡಾಟ ತೋರಿಸುವ ಟಿಸಿಪಿಡಂಪ್ ಎಂಬ ಪ್ರೋಗ್ರಾಮ್ ಹಾಕಿದೆ. ಮೊದಲು ಅನುಮತಿ ಇಲ್ಲವೆಂದಿತು. ಎಲ್ಲ ಅಧಿಕಾರವಿರುವ ರೂಟ್ ಖಾತೆಯಿಂದ ಒಳಹೋದ ಮೇಲೆ, ಯಾವ ಕಂಪ್ಯೂಟರಿನಿಂದ ಎಲ್ಲಿಗೆ ಏನು ಹೋಗುತ್ತಿದೆ ಎಂಬ ಸಾಲುಗಳು ಓಡತೊಡಗಿದವು.

"ಬಸವರಾಜ, ಏನಪ್ಪಾ ಡೌನ್‌ಲೋಡ್ ಮಾಡ್ತಿದ್ದೀಯ? ನಿಜ ಹೇಳು."

"ಅಕ್ಕಾರ, ಬರೇ ಮೇಲ್ ನೋಡ್ಲಾಕತ್ತೀನ್ರಿ. ಅದೂ ತೆರೀವಲ್ದು. ಬೇಕಾದ್ರ ಬಂದ್ ಮಾಡ್ತೀನಿ, ನೀವೇ ನೋಡ್ರಿ."

ಬಂದ್ ಮಾಡಿದ. ಸಾಲುಗಳು ನಿಲ್ಲಲಿಲ್ಲ. ಆಗ ಸರಿಯಾಗಿ ನೋಡಿದೆ: ಎಲ್ಲವೂ ಒಂಬತ್ತನೇ ಕಂಪ್ಯೂಟರಿನಿಂದ. ಅಂಗಡಿಯಲ್ಲಿರುವುದು ಎಂಟೇ.

ಒಂಬತ್ತನೆಯ ವೈರ್ ಹಿಡಿದು ಹೋದೆ. ಅದು ಮೆಟ್ಟಿಲು ಹತ್ತಿ ನಮ್ಮನೆಯವರ ಕೋಣೆ ಸೇರಿತ್ತು. ಹೋದ ತಿಂಗಳು ಅವರು ತೀರಿಕೊಂಡ ಮೇಲೆ ನಾನು ಆ ಬಾಗಿಲು ತೆರೆದಿರಲಿಲ್ಲ. ಒಳಗೆ ಅವರ ಕಂಪ್ಯೂಟರ್ ಇನ್ನೂ ನಡೆಯುತ್ತಿತ್ತು. ಅವರು ಕೂಡಿಟ್ಟು ನೆಟ್‌ನಲ್ಲಿ ಹಂಚಲು ಬಿಟ್ಟಿದ್ದ ಹಳೆಯ ಹಾಡುಗಳನ್ನು ಯಾವ್ಯಾವುದೋ ಊರಿನವರು ಇಳಿಸಿಕೊಳ್ಳುತ್ತಿದ್ದರು.

ಕಂಪ್ಯೂಟರ್ ಆರಿಸಲು ಕೈ ಬರಲಿಲ್ಲ. ನೆಟ್‌ನ ವೈರ್ ಮಾತ್ರ ಕಿತ್ತೆ.

ಕೆಳಗೆ ಬಂದು, "ನೀನಲ್ಲಪ್ಪ, ನಮ್ಮನೆಯವರು" ಎಂದೆ.

ಬಸವರಾಜ ಮತ್ತೆ ಕಂಪ್ಯೂಟರ್ ಚಾಲೂ ಮಾಡಿ, "ಈಗ ಮೇಲ್ ತೆರೀತು ನೋಡ್ರಿ ಅಕ್ಕಾರ" ಎಂದ.

ನಮ್ಮನೆಯವರು ಬದುಕಿದ್ದಾಗ ಸಿಕ್ಕಿಬಿದ್ದಿದ್ದರೆ ಚೆನ್ನಾಗಿ ಜಗಳವಾಡಬಹುದಿತ್ತು. ನಾಳೆ ಎಂದಿನಂತೆ ಒಂಬತ್ತಕ್ಕೆ ಅಂಗಡಿ ತೆರೆಯುತ್ತದೆ.