ಅಂಗೈಯಿಂದ ನೆಲ ಸವರುವವರು

ಒಂಟೆಯನ್ನು ಕೂರಿಸುವ ಮೊದಲು ಚಾಂದಸಾಬ ತಾವೇ ಕೂರುತ್ತಿದ್ದರು. ಅಂಗೈಯಿಂದ ನೆಲ ಸವರಿ, ಹರಳು, ಮುಳ್ಳು ಆರಿಸಿ ಎಸೆದ ಮೇಲೆಯೇ, "ಬೈಠ್ ಬೇಟಿ" ಅನ್ನುವುದು. ಬಸವಕಲ್ಯಾಣದ ಕೋಟೆಯ ಹತ್ತಿರ ಶಬ್ಬೋ ಎಂಬ ತಮ್ಮ ಒಂಟೆಯ ಮೇಲೆ ಮಕ್ಕಳನ್ನು ಸುತ್ತಾಡಿಸುವುದು ಅವರ ಕಸುಬು.

"ಅದರ ಮೊಣಕಾಲಿಗಿ ಜಡ್ಡು ಇರ್ತದಲ್ಲ ಚಾಚಾ, ಹರಳು ಏನ್ ಮಾಡ್ತದ?" ಎಂದಿದ್ದೆ ಒಮ್ಮೆ.

"ನಿಮ್ಮ ಹಿಮ್ಮಡಿಗೂ ಜಡ್ಡು ಅದರಿ ಮಾಸ್ತರ. ಚಪ್ಪಲಿ ಯಾಕ ಹಾಕ್ಕೊಂಡೀರಿ?"

ಪ್ರಾಣಿಶಾಸ್ತ್ರ ಓದಿದವನು ನಾನು. ನನ್ನ ನೆನಪುಗಳನ್ನು ಪೂರ್ತಿ ನಂಬುವುದಿಲ್ಲ; ನನಗೆ ಅನುಕೂಲವಾಗುವಂತೆ ಅವು ತಮ್ಮನ್ನು ತಿದ್ದಿಕೊಳ್ಳುತ್ತವೆ. ಚಪ್ಪಲಿಯ ಮಾತು ಮಾತ್ರ ಹಾಗೇ ಇದೆ.

ನಾನು ಕಲಿಸುತ್ತಿದ್ದ ಕೊಹಿನೂರು ಹಳ್ಳಿಯ ಶಾಲೆಗೆ, ಮಕ್ಕಳು ಒಂಟೆ ನೋಡಲಿ ಎಂದು ಅವರನ್ನು ಕರೆದಿದ್ದೆ. ಹಿಂದಿನ ದಿನ ಮಳೆಯಾಗಿತ್ತು. ಸುತ್ತು ತಪ್ಪುತ್ತದೆಂದು ರಸ್ತೆ ಬಿಟ್ಟು ಹೊಲದ ಹಾದಿ ಹಿಡಿದೆವು. ಒಂಟೆಯ ಪಾದ ಅಗಲ, ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ ಎಂದು ನಾನು ಹೇಳಿದೆನೋ, ಅವರೇ ಆ ಕಡೆ ತಿರುಗಿದರೋ, ಬಹಳ ಕಾಲ ನನಗೆ ಖಾತ್ರಿಯಿರಲಿಲ್ಲ. ಹೂತುಕೊಳ್ಳಲಿಲ್ಲ, ನಿಜ. ಜಾರಿತು. ಹಸಿ ಎರೆಮಣ್ಣಿನಲ್ಲಿ ಆ ಮೆತ್ತನೆಯ ಪಾದಕ್ಕೆ ಹಿಡಿತವೇ ಇಲ್ಲ. ಹಿಂಗಾಲು ಎರಡೂ ಬದಿಗೆ ಸರಿದು ಶಬ್ಬೋ ಕುಸಿದಳು.

"ಕಾಲು ಸೀಳಿದ್ರ ಒಂಟಿ ಮತ್ತ ಏಳಂಗಿಲ್ರಿ" ಎಂದರು ಚಾಂದಸಾಬ. ನನ್ನನ್ನು ನೋಡಲಿಲ್ಲ.

ಪಕ್ಕದ ಹೊಲದ ಕಾಶಮ್ಮ ಓಡಿಬಂದಳು. "ಮಳಿ ಬಿದ್ದ ಹೊಲಕ್ಕ ನಾವು ಎತ್ತು ಸುದ್ದಾ ಇಳಸಂಗಿಲ್ಲ, ನೀವು ಒಂಟಿ ತಂದೀರಿ! ಓದಿದ ಮಂದಿ!" ಬೈಯುತ್ತಲೇ ಬುಟ್ಟಿಗಟ್ಟಲೆ ತೊಗರಿ ಹೊಟ್ಟು ತಂದು ಸುರಿದಳು. ಅದರ ಮೇಲೆ ನಾನು ಗೋಣಿಚೀಲ ಹಾಸಿದೆ. ಚಾಂದಸಾಬ ರುಮಾಲು ಬಿಚ್ಚಿ, ಮತ್ತೆ ಅಗಲದಂತೆ ಹಿಂಗಾಲುಗಳನ್ನು ಸಡಿಲವಾಗಿ ಜೋಡಿಸಿ ಕಟ್ಟಿದರು. ಅವಳ ತಲೆ ತೊಡೆಯ ಮೇಲಿಟ್ಟುಕೊಂಡು, "ಅವಸರಿಲ್ಲ ಬೇಟಿ, ಮಣ್ಣು ಆರಲಿ" ಎಂದರು.

ಬಿಸಿಲು ಇಳಿಯುವ ಹೊತ್ತಿಗೆ, ಮೂರನೆಯ ಸಲಕ್ಕೆ, ಶಬ್ಬೋ ನಡುಗುತ್ತ ಎದ್ದು ನಿಂತಳು.

"ಇನ್ನ ಮುಂದ ಒಂದ್ ಹೆಜ್ಜಿ ಇಲ್ಲ. ಶಾಲಿನೇ ಇಲ್ಲಿಗಿ ಕರಕೊಂಡ್ ಬರ್ರಿ" ಎಂದಳು ಕಾಶಮ್ಮ. ಮಕ್ಕಳೇ ಹೊಲಕ್ಕೆ ಬಂದರು.

ಆಮೇಲೆ ನಾಚಿಕೆಯಿಂದ ನಾನು ಕೋಟೆಯ ಕಡೆ ಹೋಗುವುದನ್ನೇ ಬಿಟ್ಟೆ.

ಕಳೆದ ಚಳಿಗಾಲ ಹುಮನಾಬಾದಿನ ರಸ್ತೆಬದಿಯಲ್ಲಿ ಚಾಂದಸಾಬ ಸಿಕ್ಕರು. ಶಬ್ಬೋಳನ್ನು ನಡೆಸಿಕೊಂಡು ಮಗಳ ಊರಿಗೆ ಹೊರಟಿದ್ದರು, ಅಲ್ಲೇ ಇರುವುದಕ್ಕೆ. ಧೈರ್ಯ ಮಾಡಿ ಕೇಳಿದೆ: "ಚಾಚಾ, ಅವತ್ತು ಹೊಲದ ಹಾದಿ ಹೇಳಿದ್ದು ಯಾರು?"

"ನೀವ ಹೇಳಿದ್ರಿ. ಮಣ್ಣು ಮುಟ್ಟಿ ನೋಡ್ಲಾರ್ದ ನಡದಾಂವ ನಾ."

ಗಂಟು ಹೇರಲು ಅವಳನ್ನು ಕೂರಿಸಬೇಕಿತ್ತು. ನಾನು ಬಗ್ಗಿ ನೆಲ ಸವರಿದೆ. ಎರಡು ಹರಳು ಸಿಕ್ಕವು. ಅವರು ಅದೇ ಜಾಗವನ್ನು ಇನ್ನೊಮ್ಮೆ ಸವರಿ, ಮೂರನೆಯದನ್ನು ತೆಗೆದು ನನ್ನ ಕೈಗಿಟ್ಟರು.

"ಕಲೀತೀರಿ, ಕಲೀತೀರಿ" ಎಂದರು. "ಬೈಠ್ ಬೇಟಿ."

ಶಬ್ಬೋ ಕೂತಳು.